ಕೊಪ್ಪಳದಿಂದ ಕೊಪ್ಪಳಕ್ಕೆ, ವಿಮಾನದಲ್ಲಿ

ಹೋದ ವಾರ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಓಣಿಯ ಟೇಲರ್ ಚಾಚಾ ನೆನಪಾದರು...

ಸಕ್ಕರೆ ಕಾಯಿಲೆ ಅವರ ಕಣ್ಣು ತಿನ್ನುತ್ತಿತ್ತು. ಸೂಜಿಗೆ ದಾರ ಪೋಣಿಸಲು, ಪಾಠ ಹೇಳಲು ಸಾಲೆಗೆ ಹೊರಟ ನನ್ನನ್ನೇ ಕರೆಯುತ್ತಿದ್ದರು. ಒಂದು ದಿನ ದಾರದ ಮಾತು ಬಿಟ್ಟು ಕೇಳಿದರು:

"ಮಾಸ್ತರ್ರ, ಹುಬ್ಬಳ್ಳಿ ಏರ್‌ಪೋರ್ಟಿಂದ ತೋರಣಗಲ್ಲ ಏರ್‌ಪೋರ್ಟಿಗೆ ಎಷ್ಟ ದೂರ ಅಕ್ಕೈತ್ರಿ?"

ಮೊಬೈಲು ನೋಡಿ ಹೇಳಿದೆ. ಕಾರಿನಲ್ಲಾದರೆ ಮೂರು-ನಾಲ್ಕು ತಾಸು. ನಮ್ಮ ಕೊಪ್ಪಳ ನಡುವೆಯೇ ಸಿಗುತ್ತದೆ. ವಿಮಾನದಲ್ಲಾದರೆ ಹೈದರಾಬಾದಿಗೆ ಹೋಗಿ, ಕಾದು, ಇನ್ನೊಂದು ಹತ್ತಿ ಬರಬೇಕು, ಇಡೀ ದಿನ.

"ಹೈದರಾಬಾದಿಗೆ ಹೋಗೂವಾಗ ನಮ್ಮೂರ ಕಾಣ್ತೈತೇನ್ರಿ?"

"ಬಲಗಡೆ ಕಿಟಕಿಗೆ ಕುಂತ್ರ ಕಂಡೀತು ಚಾಚಾ."

"ಹಂಗಾರ ಹೋಗೂಣ್ರಿ. ಊರ ಮಂದೀದೆಲ್ಲಾ ಅಳತಿ ತಗೊಂಡೀನಿ, ಊರಿನ ಅಳತಿ ಒಂದ ಉಳದೈತಿ. ಕಣ್ಣ ಇರೂದ್ರಾಗ ನೋಡಬೇಕು."

ನಾನೋ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಗಂಗಾವತಿ ಬಸ್ಸಿನಿಂದ ಗಿಣಿಗೇರಿಯಲ್ಲೇ ಇಳಿದು ವಾಪಸು ಬಂದವನು. ಅಂಥವನನ್ನು ಅವರ ಮಗಳು ಜೊತೆಗೆ ಕಳಿಸಿದಳು. ಹೊರಡುವಾಗ ಚಾಚಿ ಬುತ್ತಿ ಕಟ್ಟುತ್ತ, "ಎಲ್ಲಿಗ್ರಿ?" ಎಂದು ಗಂಡನನ್ನು ಕೇಳಿದರು.

"ಕೊಪ್ಪಳಕ್ಕ."

"ಕೊಪ್ಪಳದಾಗ ಅದೀರಲ್ಲ! ಮಾಸ್ತರ್ರ, ಸಾಲಿ ಕಲಿಸೋರು ನೀವಾರ ಬುದ್ಧಿ ಹೇಳಬಾರದೇನ್ರಿ?"

ಹುಬ್ಬಳ್ಳಿಯಲ್ಲಿ ಮೋಡ ಕವಿದಿತ್ತು. ಸೀಟಿನ ಬೆಲ್ಟನ್ನು ಮತ್ತೆ ಮತ್ತೆ ಬಿಚ್ಚಿ ಹಾಕಿಕೊಂಡೆ. ವಿಮಾನ ಏರಿತು. ಕೆಳಗೆ ಅರಳೆ ಹರವಿದಂಥ ಬಿಳುಪು, ಈ ತುದಿಯಿಂದ ಆ ತುದಿಗೆ. ಗದಗ ಹೋಯಿತೋ, ಯಲಬುರ್ಗಾ ಬಂತೋ, ದೇವರಿಗೇ ಗೊತ್ತು. ಇವರಿಗೆ ಏನು ಹೇಳಲಿ? ಇನ್ನೊಮ್ಮೆ ಬರುವಷ್ಟು ದೃಷ್ಟಿ ಉಳಿದಿರಲಿಲ್ಲ...

ಗಾಜಿಗೆ ಹಣೆ ಹಚ್ಚಿ ಕೂತಿದ್ದ ಚಾಚಾ ಒಮ್ಮೆಲೇ ನನ್ನ ಮೊಣಕಾಲು ಹಿಡಿದರು.

"ಬಂತ್ ನೋಡ್ರಿ! ಅದ ಡ್ಯಾಮಿನ ನೀರ. ಈಕಡಿ ಕ್ವಾಟಿ ಗುಡ್ಡ. ಕಾಣ್ತೈತಿಲ್ರಿ?"

ಬಗ್ಗಿ ನೋಡಿದೆ. ಮೋಡ.

"ಹೂನ್ರಿ ಚಾಚಾ, ಕಾಣ್ತೈತಿ."

ಅವರು ಗಾಜಿನ ಮೇಲೆ ಬೆರಳು ಅಗಲಿಸಿ ಗೇಣು ಹಾಕಿದರು, ಸರಿಸಿ ಇನ್ನೊಂದು ಹಾಕಿದರು. "ಭಾಳ ದೊಡ್ಡದೈತ್ರಿ ನಮ್ಮೂರ. ನಾ ಇಷ್ಟ ತಿಳಕೊಂಡಿದ್ದಿಲ್ಲ."

ಕಣ್ಣು ಪೂರ್ತಿ ಹೋದ ಮೇಲೂ ಅಂಗಡಿಯ ಕಟ್ಟೆಯಲ್ಲಿ ಕೂತು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. "ಮಾಸ್ತರ್ನ ಕೇಳ್ರಿ ಬೇಕಾರ!" ನಾನು ಹೂಂಗುಟ್ಟುತ್ತಿದ್ದೆ; ಅಂದು ಮೋಡ ಇತ್ತೇ ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಅಂಜಿಕೆ ಬೇರೆ. ಯಾರೂ ಕೇಳಲಿಲ್ಲ. ಚಾಚಾ ತೀರಿಕೊಂಡರು...

ನಿನ್ನೆ ಹೈದರಾಬಾದಿಗೆ ಹೋಗಬೇಕಾಯಿತು. ಬಲಗಡೆಯ ಕಿಟಕಿಯೇ ಸಿಕ್ಕಿತು. ಆಕಾಶ ಶುಭ್ರವಾಗಿತ್ತು. ದೂರದಲ್ಲಿ ಡ್ಯಾಮಿನ ನೀರು, ಈಚೆಗೆ ಒಂದು ಬೂದು ಚುಕ್ಕೆ. ಈ ಸಲ ನಿಜಕ್ಕೂ ಕಾಣುತ್ತಿತ್ತು, ಕಾಣಬೇಕಾದವರು ಇರಲಿಲ್ಲ.

"ಅದ್ ಯಾವೂರ್ರಿ?" ಪಕ್ಕದ ಸೀಟಿನವನು ಬಗ್ಗಿ ಕೇಳಿದ.

"ಕೊಪ್ಪಳ."

"ಸಣ್ಣದೈತಲ್ರಿ."

"ಇಲ್ರಿ," ಎಂದೆ, "ಭಾಳ ದೊಡ್ಡದೈತಿ."