ಮೇಲಿನಿಂದ ತೋಡಿದ ಬಸಿಗಾಲುವೆ

ಆ ಮನುಷ್ಯ ತೀರಿಕೊಂಡು ಎಷ್ಟೋ ಕಾಲವಾಯಿತು. ಅವನ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ, ಆರುವುದೂ ಬೇಡ.

ನಲವತ್ತರ ದಶಕ, ನಿಜಾಮರ ಕಾಲ. ಮದುವೆಯಾಗಿ ಮಾನ್ವಿ ತಾಲ್ಲೂಕಿನ ಕಲ್ಲೂರಿಗೆ ಹೊಸದಾಗಿ ಬಂದಿದ್ದೆ. ಗಂಡ ರಾಯಚೂರಿನ ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದ. ಹೊಲ ನೋಡುವವರು ವಿಧವೆ ಅತ್ತೆ ಮತ್ತು ನಾನು. ನಮ್ಮದು ಎರೆಭೂಮಿ, ಇಳಿಜಾರಿನ ಕಟ್ಟಕಡೆಯ ಹೊಲ, ಅದರಾಚೆ ಹಳ್ಳ. ಎರೆಮಣ್ಣಿನಲ್ಲಿ ನಿಂತ ನೀರು ಬೇಗ ಇಂಗುವುದಿಲ್ಲ. ಅದಕ್ಕೇ ಹೊಲಗಳ ನಡುವೆ ಒಂದು ಬಸಿಗಾಲುವೆ ಇತ್ತು. ಪ್ರತಿ ವರ್ಷ ಮನೆಗೊಬ್ಬರಂತೆ ಬಂದು, ಮೊದಲ ಗುದ್ದಲಿ ಹಾಕುವಲ್ಲಿ ಪೂಜೆ ಮಾಡಿ, ಅದರ ಹೂಳು ತೆಗೆಯಬೇಕು, ಹಳ್ಳದ ಕಡೆಯಿಂದ ಮೇಲಕ್ಕೆ ತೋಡುತ್ತ ಹೋಗಬೇಕು. ಕೆಳಗೆ ದಾರಿ ಮಾಡದೆ ಮೇಲೆ ತೋಡಿದರೆ ನೀರೆಲ್ಲ ಕೊನೆಯ ಹೊಲಕ್ಕೆ ನುಗ್ಗುತ್ತದೆ. ಇದು ಊರಿನ ಕೂಸಿಗೂ ಗೊತ್ತಿದ್ದ ಮಾತು.

ಆ ವರ್ಷ ನಮ್ಮ ಮೇಲಿನ ಹೊಲದವನು, "ಪೂಜಿ ನಮ್ಮ ಹೊಲದಾಗ ಮಾಡೂಣು, ಅಲ್ಲಿಂದನ ಶುರು ಮಾಡ್ರಿ" ಎಂದ. ಅರ್ಧ ಊರು ಬಿತ್ತನೆಗೆ ಅವನ ಎತ್ತುಗಳನ್ನೇ ಕೇಳಿ ತರುತ್ತಿತ್ತು. ಎಲ್ಲರೂ ಗುದ್ದಲಿ ಹೊತ್ತು ಅವನ ಹೊಲಕ್ಕೇ ನಡೆದರು.

ಅತ್ತೆ ಮಾತ್ರ, "ಯಪ್ಪಾ, ನಮ್ಮ ಜ್ವಾಳ ಈಗರ ಹುಟ್ಟ್ಯಾವ, ಮುಳುಗಸಬ್ಯಾಡ್ರಿ" ಎಂದಳು.

ಅವನು ನಕ್ಕ. "ನಾಳಿಗಿ ನಿಮ್ಮ ಕಡಿ ಬರ್ತೀವಿ, ಸುಮ್ಕಿರಬೇ."

ಮರುದಿನ ಯಾರೂ ಬರಲಿಲ್ಲ, ಮಳೆ ಬಂತು. ಮೇಲಿನ ನೀರೆಲ್ಲ ಹೊಸದಾಗಿ ತೋಡಿದ ಕಾಲುವೆ ಹಿಡಿದು ಬಂದು ನಮ್ಮ ಹೊಲದಲ್ಲಿ ನಿಂತಿತು. ಮನೆಮನೆಗೆ ಹೋಗಿ ಕರೆದೆವು. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನ ಮನೆಗೆ ಬೀಗರು ಬಂದಿದ್ದರು. ಥೂ, ನಾಚಿಕೆಗೆಟ್ಟ ಜನ. ನಮ್ಮ ಸಸಿಗಳು ನೀರಿನಲ್ಲೇ ಹಳದಿಯಾದವು.

ಕೊನೆಗೆ ಅತ್ತೆ ಸಲಿಕೆ ಎತ್ತಿಕೊಂಡಳು. ಇಬ್ಬರೂ ಸೇರಿ ನಮ್ಮ ಬದುವಿನ ಬಳಿ ಕಾಲುವೆಗೆ ಜಾಲಿಮುಳ್ಳು, ಕಲ್ಲು, ಮಣ್ಣು ತುಂಬಿ ಮುಚ್ಚಿಬಿಟ್ಟೆವು. ಮುಂದಿನ ಮಳೆಗೆ ನೀರು ಮೇಲಿನವನ ಹೊಲಕ್ಕೇ ತಿರುಗಿತು. ನನಗೆ ಹೊಟ್ಟೆ ತಣ್ಣಗಾಯಿತು.

ಅವನು ಓಡಿ ಬಂದ. "ತಗೀರಿ ಅದನ್ನ! ನನ್ನ ಬೆಳಿ ಕೊಳಿಯಾಕತ್ತದ!"

"ನಿಂದು ಬೆಳಿ, ನಮ್ದೇನು ಕಸಾ? ಮದ್ಲು ಹಳ್ಳದ ಕಡಿ ತೋಡಸು" ಎಂದು ಅತ್ತೆ ಕಾಲುವೆಗೆ ಅಡ್ಡ ನಿಂತಳು.

ಅವನು ಕರೆದದ್ದೇ ತಡ, ಸೊಂಟನೋವಿನವನೂ ಬಂದ, ಮನೆಗೆ ಬೀಗರು ಬಂದಿದ್ದವನೂ ಅವರನ್ನು ಬಿಟ್ಟು ಬಂದ. ಸಂಜೆಯೊಳಗೆ ಹಳ್ಳದವರೆಗೆ ಕಾಲುವೆ ಬಿಚ್ಚಿಕೊಂಡಿತು. ಮೇಲಿನವನ ಬೆಳೆ ಉಳಿಯಿತು. ನಮ್ಮ ಹೊಲದಲ್ಲಿ ನೀರಿಳಿದಾಗ ಕಂಡದ್ದು ಕೆಸರು, ಅದರಲ್ಲಿ ಮಲಗಿದ್ದ ಸಸಿಗಳು.

ಅವನು ಬೆವರು ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವಂತೆ, "ನೋಡ್ರಿ, ಊರು ಒಂದಾದ್ರ ಎಂಥಾ ಕೆಲಸ ಆಗ್ತದ!" ಎಂದ.

ಹೊಸ ಸೊಸೆ ಹಿರಿಯರೆದುರು ಬಾಯಿ ತೆರೆಯುವಂತಿರಲಿಲ್ಲ. ನಾನು ಕೆಸರಿಗಿಳಿದೆ. ಕೊಳೆತ ಸಸಿಗಳನ್ನು ಹಿಡಿ ತುಂಬ ಕಿತ್ತು ತಂದು ಅವನ ಅಂಗೈಯಲ್ಲಿಟ್ಟೆ.

"ತಗೋರಿ, ಮನಿಗಿ ಒಯ್ದು ರೊಟ್ಟಿ ಮಾಡಿಸ್ಕೊಂಡು ಉಣ್ರಿ" ಎಂದೆ.

ಅತ್ತೆ ನನ್ನನ್ನು ತಡೆಯಲಿಲ್ಲ.