ಪ್ಲೇಟ್‌ಲೆಟ್‌ಗೆ ಸಿಗದ ಹಿಡಿತ

ಜಯನಗರದಲ್ಲಿ ಹಲ್ಲು ಕೀಳಿಸಿಕೊಂಡು ಯಡಿಯೂರಿನ ಮನೆಗೆ ನಡೆದೇ ಬಂದೆ. ಸಂಜೆಯೊಳಗೆ ಬಾಯಲ್ಲಿಟ್ಟ ಹತ್ತಿ ನಾಲ್ಕು ಸಲ ನೆನೆದಿತ್ತು.

ರಕ್ತ ನಿಲ್ಲಲಿಲ್ಲ.

ಮರುದಿನ ಅಣ್ಣ ಆಸ್ಪತ್ರೆಗೆ ಸೇರಿಸಿದ. ಪ್ಲೇಟ್‌ಲೆಟ್ ಕೌಂಟ್ ಕಮ್ಮಿ ಎಂದರು. ಅಣ್ಣನದೇ ರಕ್ತ ಏರಿಸಿದ ಮೇಲೆ ಬಾಯಿಯ ರಕ್ತ ನಿಂತಿತು. ಆಮೇಲೆ ವಾರಗಟ್ಟಲೆ ಸ್ಟೀರಾಯ್ಡ್. ಮುಖ ಊದಿತು, ಕೌಂಟ್ ಏರಲಿಲ್ಲ.

"ಸ್ಪ್ಲೀನ್, ಅಂದ್ರೆ ಗುಲ್ಮ, ತೆಗೆದುಬಿಡೋಣ. ಪ್ಲೇಟ್‌ಲೆಟ್ ಹಾಳು ಮಾಡ್ತಿರೋದು ಅದೇ," ಎಂದರು ಸರ್ಜನ್.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಲೆಕ್ಕ ತಾಳೆಯಾಗಲಿಲ್ಲ.

"ಚಿಕ್ಕಂದಿನಿಂದ ಮೂಗಲ್ಲಿ ರಕ್ತ ಬರುತ್ತೆ ಸಾರ್. ಮುಟ್ಟಾದ್ರೆ ಹತ್ತು ದಿನ ನಿಲ್ಲಲ್ಲ. ಕಾರಣ ಗೊತ್ತಾಗೋವರೆಗೂ ಸಹಿ ಹಾಕಲ್ಲ."

ಪಕ್ಕದಲ್ಲಿದ್ದ ಅಮ್ಮ ನಾಚಿ ತಲೆ ತಗ್ಗಿಸಿದಳು. "ಡಾಕ್ಟ್ರಿಗಿಂತ ನಿನಗೇ ಜಾಸ್ತಿ ಗೊತ್ತಾ?" ಎಂದು ಅಣ್ಣ ರೇಗಿದ. ನಾನು ಪೆನ್ನು ಮುಟ್ಟಲಿಲ್ಲ.

ಅದಾದ ಮೂರನೇ ದಿನ ಲ್ಯಾಬಿನ ಡಾಕ್ಟರಮ್ಮ ನನ್ನ ಹಾಸಿಗೆಯ ಹತ್ತಿರ ಬಂದರು. ನನ್ನ ರಕ್ತದ ಸ್ಲೈಡನ್ನು ತಾವೇ ಮತ್ತೆ ನೋಡಿದ್ದರಂತೆ.

"ನಿಮ್ಮ ಪ್ಲೇಟ್‌ಲೆಟ್ ಕಮ್ಮಿ ಇರೋದಷ್ಟೇ ಅಲ್ಲ, ವಿಪರೀತ ದಪ್ಪ. ಸಣ್ಣ ರಕ್ತನಾಳದಲ್ಲಿ ರಕ್ತ ರಭಸವಾಗಿ ಹರಿಯುತ್ತೆ. ಗಾಯವಾದಾಗ, ಹೊಳೆಯಲ್ಲಿ ಕೊಚ್ಚಿಹೋಗೋನು ದಡದ ಬೇರು ಹಿಡಿಯೋ ಹಾಗೆ, ಪ್ಲೇಟ್‌ಲೆಟ್ ಆ ಜಾಗ ಹಿಡಿದು ನಿಲ್ಲಬೇಕು. ಹಿಡಿಯೋಕೆ ಅದರ ಮೈಮೇಲೆ ರಿಸೆಪ್ಟರ್ ಅಂತ ಇರುತ್ತೆ. ನಿಮಗೆ ಅದು ಹುಟ್ಟಿನಿಂದಲೇ ಇಲ್ಲವೇನೋ. ಸ್ಪ್ಲೀನ್ ತೆಗೆದ್ರೂ ಅದು ಬರಲ್ಲ."

ಹುಟ್ಟಿನಿಂದಲೇ.

ಇಷ್ಟು ವರ್ಷ ತಿಂಗಳು ತಿಂಗಳು ಸುಸ್ತಾಗಿ ಮಲಗಿದಾಗಲೆಲ್ಲ ನೆಂಟರು ನನ್ನನ್ನು ಸೋಮಾರಿ ಎಂದಿದ್ದರು. ನಾನೂ ಸ್ವಲ್ಪ ನಂಬಿದ್ದೆ. ಅಂದು ಅತ್ತಿದ್ದು ಹೆದರಿಕೆಗಲ್ಲ.

ಖಚಿತವಾಗಲು ಇನ್ನೊಂದು ಟೆಸ್ಟ್ ಬೇಕಿತ್ತು, ಅದು ನಮ್ಮೂರಲ್ಲಿ ಆಗುತ್ತಿರಲಿಲ್ಲ. ರಕ್ತ ತಾಜಾ ಇರಬೇಕಾದ್ದರಿಂದ ನಾನೇ ಮದ್ರಾಸಿಗೆ ಹೋಗಬೇಕಿತ್ತು. ದಾರಿಯುದ್ದಕ್ಕೂ ಅಣ್ಣ ನನ್ನ ಚೀಲ ನನಗೆ ಕೊಡಲಿಲ್ಲ, ತಾನೇ ಹೊತ್ತ. ಅಲ್ಲಿ ನನ್ನ ರಕ್ತಕ್ಕೆ ಒಂದು ಔಷಧಿ ಬೆರೆಸಿದರು. ರಿಸೆಪ್ಟರ್ ಇದ್ದಿದ್ದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳಬೇಕಿತ್ತು. ಅಂಟಲಿಲ್ಲ. ಡಾಕ್ಟರಮ್ಮನ ಊಹೆ ಸರಿಯಾಗಿತ್ತು.

ಅಣ್ಣ ಅಲ್ಲಿಂದಲೇ ಸರ್ಜನ್‌ಗೆ ಟ್ರಂಕ್ ಕಾಲ್ ಮಾಡಿದ. "ಆಪರೇಷನ್ ಬೇಡ ಸಾರ್. ನಮ್ಮ ಹುಡುಗಿ ಹೇಳಿದ್ದೇ ಸರಿ."

ಇದು ಗುಣವಾಗುವ ಕಾಯಿಲೆಯಲ್ಲ. ರಕ್ತ ಕೊಡಬಲ್ಲವರ ಪಟ್ಟಿ ಪರ್ಸಿನಲ್ಲಿದೆ, ಅದರಲ್ಲಿ ಸ್ಟಾಫ್‌ರೂಮಿನ ಐವರಿದ್ದಾರೆ. ಸೋಮವಾರದಿಂದ ಪಾಠ ಮಾಡುತ್ತಿದ್ದೇನೆ.

ನಿನ್ನೆ ತಲೆನೋವೆಂದು ಬೀದಿಯ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರು ಚೀಟಿ ಬರೆದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕುರ್ಚಿಯಿಂದ ಎದ್ದಳು.

"ಇದ್ರಲ್ಲಿ ಆಸ್ಪಿರಿನ್ ಇದ್ಯಾ ಸಾರ್? ಇದ್ರೆ ಬೇಡ, ಅದು ತಗೊಂಡ್ರೆ ರಕ್ತ ನಿಲ್ಲಲ್ಲ. ನನ್ನ ಮಗಳ ರಕ್ತದ ವಿಷಯ ಮೊದಲು ಕೇಳಿ."

ಅವರು ಪೆನ್ನು ಕೆಳಗಿಟ್ಟು ಕೇಳಿದರು.