ವಳಕಮದಿನ್ನಿಯ ಸಾಲು

ಗೊರೇಬಾಳದ ಮನೆಯಲ್ಲಿ ದೊಡ್ಡವ್ವ ಅಕ್ಕಿ ಆರಿಸುತ್ತ ಕುಳಿತಿದ್ದಳು. ಹೊರಗೆ ಭತ್ತದ ಚೀಲ ಹೇರಿಕೊಂಡು ಹೊರಟ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಿಂದ ಅವಳದೇ ದನಿ ಬಂತು.

"ಕೇಳ ಬೇ, ನಾನ ಅಲ್ಲೇನ!" ಎಂದು ನನ್ನನ್ನು ಕೂಗುತ್ತ ಬಾಗಿಲಿಗೆ ಓಡಿದಳು.

ಹೌದು, ಅವಳೇ. ಲಿಂಗಸುಗೂರಿನ ಮದುವೆಯೊಂದರಲ್ಲಿ ಅವಳು ಹಾಡಿದ ಆರತಿ ಹಾಡನ್ನು ಯಾರೋ ಪುಣ್ಯಾತ್ಮರು ಫೋನಿನಲ್ಲಿ ಹಿಡಿದಿದ್ದರು. ಅದು ಕೈಯಿಂದ ಕೈಗೆ ಹೋಗಿ, ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುವ ಮಸ್ಕಿಯ ಅಂಗಡಿ ಸೇರಿತ್ತು. ಅಂಗಡಿಯವನು ಧಡಂ ಧಡಂ ಬಡಿತ ಸೇರಿಸಿ, ನಡುವೆ "ಹಲೋ ಮಸ್ಕಿ, ಡಬಲ್ ಬೇಸ್!" ಎಂದು ತಾನೇ ಕೂಗಿದ್ದ. ದೊಡ್ಡವ್ವನಿಗೆ ಅದೂ ಚೆಂದವೇ ಕಂಡಿತು. ಓಣಿಯಲ್ಲಿ ಅವಳ ನಡಿಗೆಯೇ ಬದಲಾಯಿತು.

ಒಂದು ದಿನ ಪೂರ್ತಿ ಕೇಳಿದಾಗ ಮುಖ ಸಪ್ಪಗಾಯಿತು. ಕೊನೆಯ ಸಾಲೇ ಇರಲಿಲ್ಲ. ನಮ್ಮ ಕಡೆ ಹಾಡು ಕಟ್ಟಿದವರು ಕೊನೆಯ ಸಾಲಿನಲ್ಲಿ ತಮ್ಮ ಗುರುತು ಇಟ್ಟು ಹೋಗುತ್ತಾರೆ. ಈ ಹಾಡು ಕಟ್ಟಿದವಳು ದೊಡ್ಡವ್ವನ ಅವ್ವ, ನನ್ನ ಅಜ್ಜಿ. ಅಕ್ಷರ ಬಾರದ ಆಕೆ ಹೆಸರು ಇಡಲಿಕ್ಕೂ ನಾಚಿ ತವರೂರನ್ನಷ್ಟೇ ಇಟ್ಟಿದ್ದಳು: "ವಳಕಮದಿನ್ನಿ ಮಗಳ ಹಾಡ ಮರೀಬ್ಯಾಡ್ರಿ, ಬೆಳಗಿರಿ ಆರತಿಯ." ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಉಳಿದದ್ದು ಅದೊಂದೇ ಸಾಲು.

ದೊಡ್ಡವ್ವನನ್ನು ಕರೆದುಕೊಂಡು ಮಸ್ಕಿಗೆ ಹೋದೆ. ಬಸ್ಸಿನಲ್ಲೇ ಬೈಗುಳ ಸಜ್ಜುಮಾಡಿಕೊಂಡಿದ್ದೆ. ಅಂಗಡಿಯ ಗೋಡೆಗೆ "ನಮ್ಮ ಹಾಡು ಕದ್ದವರ ಮೇಲೆ ಕಾನೂನು ಕ್ರಮ" ಎಂಬ ಬೋರ್ಡು! ನಾನು ಬಾಯಿ ತೆರೆಯುವ ಮೊದಲೇ ಅವನು ಗೋಳು ತೋಡಿಕೊಂಡ.

"ಏನ್ ಹೇಳ್ಲಿ ಅಕ್ಕಾರ, ಸಿಂಧನೂರಿನವರು ನನ್ನ ಹಾಡು ಕದ್ದಾರ್ರೀ! ನನ್ನ ಕೂಗು ತಗದು ತಮ್ಮ ಕೂಗು ಹಾಕ್ಯಾರ. ಜನರಿಗೆ ನಿಯತ್ತು ಅನ್ನೂದ ಇಲ್ಲ."

ದೊಡ್ಡವ್ವನ ಕರುಳು ಚುರ್ ಅಂದಿತು. "ಹೋಗ್ಲಿ ಬಿಡೋ ಯಪ್ಪಾ, ಮನಸಿಗೆ ಹಚಗೋಬ್ಯಾಡ" ಎಂದು ಅವನನ್ನೇ ಸಂತೈಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಮ್ಮವ್ವನ ಸಾಲು ಎಲ್ಲಿ ಹೋತೋ?"

"ಹಾಡು ಉದ್ದ ಆತವ್ವಾ, ತಗದೆ. ಅಷ್ಟರಾಗ ಟ್ರ್ಯಾಕ್ಟರ್ ಊರು ದಾಟಿರ್ತೈತಿ."

ಚಹಾ ತರಿಸಿದ. ಬೈಯಲು ಹೋದವಳು ಚಹಾ ಕುಡಿದು ಬಂದೆ. ಥೂ ನನ್ನ!

ಮುಂದೆ ಬಂದದ್ದು ದೊಡ್ಡವ್ವನ ಮೊಮ್ಮಗಳ ಮದುವೆ, ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ. "ನಾ ಹ್ವಾದ ಮ್ಯಾಲೆ ಆ ಸಾಲು ಯಾರ ಹೇಳ್ತಾರ? ಈ ಆರತಿಯಾಗ ಹುಡುಗ್ಯಾರ ಬಾಯಿಗೆ ಹಾಕೇ ತೀರ್ತೀನಿ" ಎಂದು ಹಟ ಹಿಡಿದಿದ್ದಳು. ಹಟ್ಟಿ ಗಣಿಯಲ್ಲಿ ರಜೆ ಸಿಗದ ನೆಂಟರಿಗಾಗಿ ಮದುವೆ ಲೈವ್ ಹೋಗುತ್ತಿತ್ತು. ಆರತಿ ಹೊತ್ತಿಗೆ ಕ್ಯಾಮೆರಾದವನು ಓಡಿ ಬಂದ.

"ಅವ್ವಾರ, ಆ ಹಾಡು ಹಾಡಬ್ಯಾಡ್ರಿ. ಕಾಪಿರೈಟ್ ಬರ್ತೈತಿ."

"ಯಾರಪಾ ಅಂವ, ಗಂಡಿನ ಕಡ್ಯಾಂವೇನು? ಬರ್ಲಿ, ಉಂಡು ಹೋಗ್ಲಿ."

"ಹಂಗಲ್ರೀ. ಅದನ್ನ ಮಸ್ಕಿಯವರು ನೆಟ್ಟಿನಾಗ ತಮ್ಮ ಹೆಸರಿಗೆ ಹಾಕ್ಕೊಂಡಾರ. ನೀವು ಹಾಡಿದ್ರ ಕಳುವು ಅಂತಾರ, ಲೈವ್ ಕಟ್ ಆಕ್ಕೈತಿ."

ನನಗೆ ಮೈಯೆಲ್ಲ ಉರಿಯಿತು. "ಅದರಾಗ ಇರೂದು ಈಕೀ ದನೀನ ಅಲ್ಲೇನೋ!"

"ದನಿ ಇವರ್ದ ಇರ್ಬೌದ್ರೀ ಅಕ್ಕಾರ, ಹಾಡು ಅವರದು" ಎಂದು ತೀರ್ಪು ಕೊಟ್ಟು, ಲೈವಿನ ದನಿ ಬಂದ್ ಮಾಡಲು ಹೋದ.

ದೊಡ್ಡವ್ವ ಹಾಡು ಎತ್ತಿಯೇ ಬಿಟ್ಟಳು. ಹುಡುಗಿಯರು ದನಿಗೂಡಿಸಿದರು. ಎಲ್ಲರಿಗೂ ಬಾಯಿಪಾಠ! ಎರಡನೇ ನುಡಿ ಮುಗಿಯುತ್ತಲೇ, ಆರತಿ ತಟ್ಟೆ ಹಿಡಿದವರೆಲ್ಲ ಒಕ್ಕೊರಲಿನಿಂದ, ಅದೇ ರಾಗದಲ್ಲಿ, ಭಕ್ತಿಯಿಂದ ಹಾಡಿದರು: "ಹಲೋ ಮಸ್ಕಿ, ಡಬಲ್ ಬೇಸ್!" ದೊಡ್ಡವ್ವ ಗಕ್ಕನೆ ನಿಂತಳು.

"ಅಜ್ಜಿ, ಒಂದು ಸಾಲು ಬಿಟ್ಟಿ ನೋಡು" ಎಂದು ಮದುಮಗಳೇ ತಿದ್ದಿದಳು. ಮಂಟಪವೆಲ್ಲ ನಕ್ಕಿತು. ನಾನೂ ನಕ್ಕೆ.

ಟ್ರ್ಯಾಕ್ಟರಿನಲ್ಲಿ ಮುಗಿಯುವಲ್ಲಿಗೇ ಹುಡುಗಿಯರೂ ಮುಗಿಸಿದರು. ಎತ್ತಿ ಹಿಡಿದ ಫೋನುಗಳು ಕೆಳಗಿಳಿದವು, ಜನ ಊಟಕ್ಕೆ ಎದ್ದರು. ದೊಡ್ಡವ್ವ ಮಾತ್ರ ಅಲ್ಲೇ ನಿಂತು ತನ್ನವ್ವನ ಸಾಲು ಹಾಡಿದಳು. ನಾನು ಪಕ್ಕದಲ್ಲಿ ನಿಂತು ಸೇರಿಕೊಂಡೆ. ಅಳು ನುಗ್ಗಿ ಬಂದು 'ವಳಕಮದಿನ್ನಿ' ಎಂಬ ಮಾತು ದಾಟಲು ನನಗೆ ಆಗಲಿಲ್ಲ.

ಕ್ಯಾಮೆರಾದವನು ಸಮಾಧಾನ ಹೇಳಲು ಬಂದ. "ಅಳಬ್ಯಾಡ್ರಿ ಅಕ್ಕಾರ. ಈ ಕಡೀ ಸಾಲಿಗೆ ನಾ ದನಿ ಬಂದ್ ಮಾಡಿಲ್ರೀ. ಇದಕ್ಕ ಏನೂ ತಕರಾರು ಬರೂದಿಲ್ಲ, ಇದು ಯಾರದೂ ಅಲ್ಲ."